ಯಲಹಂಕದಿಂದ ಚಿಕ್ಕಜಾಲಕ್ಕೆ ಒಂದು ಬಿರಿಯಾನಿ

ಯಲಹಂಕದಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿ ಬರುವ ನೀರು ಇಲ್ಲಿ 97ರ ಆಸುಪಾಸಿನಲ್ಲೇ ಕೊತಕೊತ ಅನ್ನತೊಡಗುತ್ತದೆ. ಅನ್ನ ಬೇಯುವುದಕ್ಕೆ ಈ ಮೂರು ಡಿಗ್ರಿಯ ಕೊರತೆ ಲೆಕ್ಕಕ್ಕಿಲ್ಲ. ಅಕ್ಕಿಯ ಜೊತೆಗೇ ಪಾತ್ರೆಗಿಳಿದ ಇನ್ನೊಂದು ಜೀವಕ್ಕೂ ಲೆಕ್ಕಕ್ಕಿಲ್ಲ. ಮಂಗಳೂರಿನ ನೂರು ಡಿಗ್ರಿಯೂ ಅದನ್ನು ಅಲುಗಿಸಲಾರದು.

ಅದರ ಹೆಸರು ಬ್ಯಾಸಿಲಸ್ ಸೀರಿಯಸ್. ಮಣ್ಣಿನಲ್ಲಿ ವಾಸ. ಗದ್ದೆಯಿಂದ ಭತ್ತಕ್ಕೆ, ಭತ್ತದಿಂದ ಅಕ್ಕಿಗೆ ಬರುತ್ತದೆ. ಕಷ್ಟಕಾಲ ಬಂದಾಗ ಗಟ್ಟಿ ಕವಚದ ಬೀಜಕವಾಗಿ ಮುದುಡಿಕೊಳ್ಳುತ್ತದೆ. ಕುದಿಯುವ ನೀರು ಈ ಬೀಜಕವನ್ನು ಕೊಲ್ಲುವ ಮಾತು ಹಾಗಿರಲಿ, ಎಷ್ಟೋ ವೇಳೆ ಎಬ್ಬಿಸಿ ಕೂರಿಸುತ್ತದೆ. ಒಲೆ ಆರಿ ಅನ್ನದ ಬಿಸಿ ಐವತ್ತಕ್ಕಿಂತ ಕೆಳಗಿಳಿಯುತ್ತಲೇ ಬೀಜಕ ಮೊಳೆತು, ಬ್ಯಾಕ್ಟೀರಿಯಾ ಹೊರಬಂದು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತ ಹೋಗುತ್ತದೆ. ಇದರ ಕೆಲವು ತಳಿಗಳು ಬೆಳೆಯುತ್ತಲೇ ಸೆರ್ಯುಲೈಡ್ ಎಂಬ ವಿಷವನ್ನು ಅನ್ನಕ್ಕೆ ಬಿಡುತ್ತವೆ. ಅದನ್ನು ತಿಂದವರಿಗೆ ಆರು ಗಂಟೆಯೊಳಗೆ ವಾಂತಿ. ಪ್ರಯೋಗಾಲಯದಲ್ಲಿ ಈ ವಿಷವನ್ನು 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಅದರ ಗುಣ ಹೋಗಿಲ್ಲ. ಒಮ್ಮೆ ಹುಟ್ಟಿತೆಂದರೆ ಬಾಣಲೆಯಲ್ಲಿ ಎಷ್ಟು ಹುರಿದರೂ ಮೈಕ್ರೋವೇವ್‌ನಲ್ಲಿ ಎಷ್ಟು ಸಲ ಸುತ್ತಿಸಿದರೂ ಅದು ಅಲ್ಲೇ ಇರುತ್ತದೆ.

ಬ್ರಿಟನ್ನಿನ ವೈದ್ಯರ ಕಣ್ಣಿಗೆ ಇದು ಬಿದ್ದದ್ದು 1970ರ ದಶಕದ ಆರಂಭದಲ್ಲಿ, ಅಲ್ಲಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರು ಸಾಲಾಗಿ ವಾಂತಿ ಮಾಡಿಕೊಂಡಾಗ. ಹೋಟೆಲಿನವರು ಅನ್ನವನ್ನು ಒಟ್ಟಿಗೇ ಬೇಯಿಸಿ ಹೊರಗೇ ಬಿಡುತ್ತಿದ್ದರು. ಫ್ರಿಜ್ಜಿನಲ್ಲಿಟ್ಟರೆ ಅಂಟುತ್ತದೆ, ಹುರಿಯುವಾಗ ಉದುರುದುರಾಗುವುದಿಲ್ಲ ಎಂಬ ಕಾರಣಕ್ಕೆ. ನಮ್ಮ ಸಂಜೆಯ ಗಾಡಿಗಳಲ್ಲಿ ಎಗ್ ರೈಸ್, ಗೋಬಿ ರೈಸ್ ಆಗುವ ಅನ್ನ ಮಧ್ಯಾಹ್ನವೇ ಬೆಂದು ಟಬ್ಬಿನಲ್ಲಿ ಕಾಯುತ್ತಿರುವುದನ್ನು ನೋಡಿದವರಿಗೆ ಈ ಕಥೆ ದೂರದ್ದು ಅನ್ನಿಸಲಾರದು.

ಮಾಂಸದ ಪಾತ್ರೆಯಲ್ಲಿ ಇದರ ಸೋದರಸಂಬಂಧಿಯಂಥ ಇನ್ನೊಂದಿದೆ, ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್. ಅದಕ್ಕೂ ಬೀಜಕದ ಕವಚವುಂಟು. ಆಮ್ಲಜನಕ ಬೇಡ, ದೊಡ್ಡ ಹಂಡೆಯ ನಡುಭಾಗ ಬಹಳ ಇಷ್ಟ. 43-45 ಡಿಗ್ರಿಯ ಹದದಲ್ಲಿ ಅದು ಹತ್ತೇ ನಿಮಿಷಕ್ಕೆ ಇಮ್ಮಡಿಸಬಲ್ಲದು. ನಮಗೆ ಪರಿಚಯವಿರುವ ಬ್ಯಾಕ್ಟೀರಿಯಾಗಳಲ್ಲಿ ಇಷ್ಟು ಅವಸರದ್ದು ಅಪರೂಪ. ಆ ವೇಗ ಎರಡು ಗಂಟೆ ನಡೆದರೆ ಒಂದು 4,096 ಆಗುತ್ತದೆ. ಮೂರು ಗಂಟೆ ನಡೆದರೆ ಎರಡೂವರೆ ಲಕ್ಷ ದಾಟುತ್ತದೆ. ವಾಸ್ತವದಲ್ಲಿ ಮೊಳೆತು ಸಜ್ಜಾಗುವುದಕ್ಕೆ ಅದಕ್ಕೂ ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತೇ ನಮ್ಮನ್ನು ದಿನವೂ ಕಾಯುತ್ತಿರುವುದು.

ಈ ಅಧ್ಯಾಯ ಊಟ ತಲುಪಿಸುವ ಹುಡುಗರದು (ಹುಡುಗಿಯರೂ ಇದ್ದಾರೆ, ಕಡಿಮೆ). ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಅಡುಗೆಮನೆಯ ಹಂಡೆಯಿಂದ ಶುರುಮಾಡಿದ್ದೇನೆ. ಏಕೆಂದರೆ ಪಾರ್ಸೆಲ್ಲಿನ ಊಟ ತಿಂದು ಹೊಟ್ಟೆ ಕೆಟ್ಟಾಗ ನಮಗೆ ಮೊದಲು ನೆನಪಾಗುವುದು ಅದನ್ನು ತಂದುಕೊಟ್ಟ ಕೈ. ಅಡುಗೆ ಮಾಡಿದ ಕೈಯನ್ನು ನಾವು ನೋಡಿಯೇ ಇರುವುದಿಲ್ಲ.

ಎಂಟೊಂಬತ್ತು ಕಿಲೋಮೀಟರಿನ ಭೌತಶಾಸ್ತ್ರ

ಚಿಕ್ಕಜಾಲ ಬಳ್ಳಾರಿ ರಸ್ತೆಯ ಮೇಲಿನ ಊರು. ಹೆದ್ದಾರಿಯ ಪಕ್ಕದಲ್ಲಿ ಪಾಳುಬಿದ್ದ ಹಳೆಯ ಕೋಟೆ, ಮುಂದೆ ಸಾದಹಳ್ಳಿ ಟೋಲ್, ಅದರಾಚೆ 2008ರಲ್ಲಿ ಶುರುವಾದ ವಿಮಾನ ನಿಲ್ದಾಣ. ಹಿಂದೆ ಹುಣಸಮಾರನಹಳ್ಳಿಯ ಸರ್ ಎಂ.ವಿ.ಐ.ಟಿ. ಎಂಜಿನಿಯರಿಂಗ್ ಕಾಲೇಜು. ಸುತ್ತ ಪಿ.ಜಿ.ಗಳು, ಹಾಸ್ಟೆಲುಗಳು, ಲೇಔಟುಗಳು, ಪಾಳಿಯಲ್ಲಿ ದುಡಿಯುವ ವಿಮಾನ ನಿಲ್ದಾಣದ ನೌಕರರ ಬಾಡಿಗೆ ಮನೆಗಳು. ರಾತ್ರಿ ಒಂಬತ್ತಕ್ಕೆ ಹಸಿಯುವ ಹೊಟ್ಟೆಗಳು ಇಲ್ಲಿ ಸಾಕಷ್ಟಿವೆ. ಬೇಕಾದ ಹೋಟೆಲುಗಳು, ಅದರಲ್ಲೂ ಕುಳಿತು ತಿನ್ನಲು ಜಾಗವೇ ಇಲ್ಲದ ಕ್ಲೌಡ್ ಕಿಚನ್‌ಗಳು, ಹೆಚ್ಚಾಗಿ ಯಲಹಂಕ ಉಪನಗರದ ಕಡೆ. ನಡುವೆ ಎಂಟೊಂಬತ್ತು ಕಿಲೋಮೀಟರು: ಕೋಗಿಲು ಕ್ರಾಸ್, ವಾಯುನೆಲೆಯ ಉದ್ದ ಕಾಂಪೌಂಡು, ಮೆಟ್ರೊ ಕಾಮಗಾರಿ, ಸರ್ವಿಸ್ ರಸ್ತೆ. ಮನೆ ಹೆದ್ದಾರಿಯ ಆ ಬದಿಯಲ್ಲಿದ್ದರೆ ಯು-ಟರ್ನ್ ಹುಡುಕಿಕೊಂಡು ಮುಂದಕ್ಕೆ ಹೋಗಿ ಹಿಂದಕ್ಕೆ ಬರಬೇಕು.

"ಅಣ್ಣಾ, ಆರ್ಡರ್ ರೆಡೀನಾ?"

"ಎರಡೇ ನಿಮಿಷ."

ಎರಡು ನಿಮಿಷ ಇಪ್ಪತ್ತಾಗುತ್ತದೆ. ಹಾಗೆ ಕಾಯುವ ಹೊತ್ತಿಗೆ ಈ ಕೆಲಸದವರ ಬಾಯಲ್ಲಿ ವೇಟಿಂಗ್ ಎಂದು ಹೆಸರು. ಕೊನೆಗೂ ಬಿರಿಯಾನಿ ಡಬ್ಬಿಗೆ ಬಿತ್ತು ಅನ್ನೋಣ, 80 ಡಿಗ್ರಿಯ ಬಿಸಿಯಲ್ಲಿ. ಹೊರಗಿನ ಗಾಳಿ 26 ಡಿಗ್ರಿ. ಇವೆರಡರ ಅಂತರ 54. ಬಿಸಿ ವಸ್ತು ತಣಿಯುವ ವೇಗ ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಅಂತರಕ್ಕೆ ತಕ್ಕಂತೆ ಇರುತ್ತದೆ ಎಂದು 1701ರಲ್ಲಿ ತನ್ನ ಹೆಸರನ್ನೂ ಹಾಕದೆ ಪ್ರಕಟಿಸಿದವನು ಐಸಾಕ್ ನ್ಯೂಟನ್. ಬರಿಯ ಕವರಿನಲ್ಲಿ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೋದರೆ 40 ನಿಮಿಷಕ್ಕೊಮ್ಮೆ ಈ ಅಂತರ ಅರ್ಧವಾಗುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. ದಾರಿಗೂ ಅಷ್ಟೇ ಹೊತ್ತು ಹಿಡಿದರೆ ಚಿಕ್ಕಜಾಲ ಮುಟ್ಟುವಾಗ ಅಂತರ 27, ಬಿರಿಯಾನಿ 53 ಡಿಗ್ರಿ. ಫೋಮ್ ಒಳಪದರದ ಡೆಲಿವರಿ ಬ್ಯಾಗಿನಲ್ಲಿಟ್ಟರೆ ತಣಿಯುವ ವೇಗ ಅರ್ಧಕ್ಕಿಳಿಯುತ್ತದೆ ಅನ್ನೋಣ. ಆಗ ಅದೇ 40 ನಿಮಿಷದ ಕೊನೆಗೆ ಬಿರಿಯಾನಿ ಸುಮಾರು 64.

53ಕ್ಕೂ 64ಕ್ಕೂ ನಡುವೆ ಒಂದು ಗಡಿಯಿದೆ. ಆಹಾರ ಸುರಕ್ಷತೆಯ ಪಾಠಗಳಲ್ಲಿ 5ರಿಂದ 60 ಡಿಗ್ರಿಯವರೆಗಿನದು ಅಪಾಯದ ವಲಯ. ಮೇಲಿನ ಅಂಚನ್ನು ಅಮೆರಿಕದ ಆಹಾರ ಸಂಹಿತೆ 57 ಎನ್ನುತ್ತದೆ, ಬ್ರಿಟನ್ 63 ಎನ್ನುತ್ತದೆ. ಬ್ಯಾಕ್ಟೀರಿಯಾಗಳು ಇವರ ಸಂಹಿತೆ ಓದಿಲ್ಲವಾದ್ದರಿಂದ ಈ ಜಗಳ ದೊಡ್ಡದಲ್ಲ. ಆ ಅಂಚಿನ ಮೇಲೆ ಅವು ಬೆಳೆಯುವುದಿಲ್ಲ, ಕೆಳಗೆ ಬೆಳೆಯುತ್ತವೆ, 50ರ ಕೆಳಗೆ ಚೆನ್ನಾಗಿ ಬೆಳೆಯುತ್ತವೆ. ಬೆಂದ ಆಹಾರ ಈ ವಲಯದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗಿನ ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ಅಮೆರಿಕದ ಕೃಷಿ ಇಲಾಖೆ ಮನೆಮಂದಿಗೆ ಹೇಳುವ ನಿಯಮ. ನಮ್ಮ ಏಪ್ರಿಲ್ ಮಧ್ಯಾಹ್ನಗಳು ಆ ಎರಡನೆಯ ಸಾಲಿಗೆ ಸೇರುತ್ತವೆ.

ಹಾಗಾದರೆ ನಲವತ್ತು ನಿಮಿಷದ ಸವಾರಿ ತಾನೊಂದೇ ಯಾರ ಹೊಟ್ಟೆಯನ್ನೂ ಕೆಡಿಸುವಷ್ಟು ದೊಡ್ಡದಲ್ಲ. ಆದರೆ ಹೊತ್ತು ಕೂಡುತ್ತ ಹೋಗುವಂಥದ್ದು. ಮಧ್ಯಾಹ್ನದ ಹಂಡೆ ಒಲೆಯಿಂದಿಳಿದು ನಿಂತ ಹೊತ್ತು, ಡಬ್ಬಿ ಕೌಂಟರಿನ ಮೇಲೆ ಕಾದ ಹೊತ್ತು, ದಾರಿಯ ಹೊತ್ತು, ಗೇಟಿನಲ್ಲಿ ಸೆಕ್ಯುರಿಟಿಯವನು ನಿಲ್ಲಿಸಿದ ಹೊತ್ತು, ಆಮೇಲೆ ಪಿ.ಜಿ. ಕೋಣೆಯ ಟೇಬಲ್ಲಿನ ಮೇಲಿನ ಹೊತ್ತು, ಎಲ್ಲವೂ ಒಂದೇ ಖಾತೆಗೆ ಜಮಾ. ಆ್ಯಪಿಗೆ ಇದರಲ್ಲಿ ಕಾಣುವುದು ಒಂದು ತುಣುಕು ಮಾತ್ರ. 2024ರ ಅಕ್ಟೋಬರಿನಲ್ಲಿ ಸ್ವಿಗ್ಗಿ ಹತ್ತು ನಿಮಿಷದ ಊಟದ ಸೇವೆ ತಂದಾಗ ಚರ್ಚೆಯೆಲ್ಲ ಸವಾರನ ವೇಗದ ಮೇಲೆ ನಡೆಯಿತು. ಅಪಘಾತದ ದೃಷ್ಟಿಯಿಂದ ಅದು ನ್ಯಾಯವೇ. ನನ್ನ ಕುತೂಹಲ ಬೇರೆ ಕಡೆ ಹೋಗುತ್ತದೆ. ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರಬೇಕಾದ ಬಿರಿಯಾನಿ ಆರ್ಡರ್ ಬರುವ ಮೊದಲೇ ಬೆಂದಿರಲೇಬೇಕು. ದಾರಿಯಲ್ಲಿ ಉಳಿಸಿದ ಸಮಯ ಅಡುಗೆಮನೆಯಲ್ಲಿ ಹೋಗಿ ಕೂತಿರುತ್ತದೆ. ಅಲ್ಲಿ ಹಂಡೆ 60ರ ಮೇಲಿದ್ದರೆ ತಕರಾರಿಲ್ಲ. ಇದೆಯೋ ಇಲ್ಲವೋ ಥರ್ಮಾಮೀಟರ್ ಹೇಳಬೇಕು.

ಈಗ ಲೆಕ್ಕವನ್ನು ಸ್ವಲ್ಪ ಕೆಡಿಸೋಣ. ಕೌಂಟರಿನಲ್ಲಿ ಕಾದೂ ಕಾದೂ ಬಿರಿಯಾನಿ ಬ್ಯಾಗಿಗೆ ಇಳಿಯುವಾಗಲೇ 50 ಡಿಗ್ರಿಗೆ ಬಂದಿತ್ತು ಅನ್ನಿ. ಗಾಳಿಗೂ ಅದಕ್ಕೂ ಅಂತರ 24. ಅದೇ ಒಳ್ಳೆಯ ಬ್ಯಾಗು, ಅದೇ 40 ನಿಮಿಷ. ಅಂತರ 17ಕ್ಕಿಳಿಯುತ್ತದೆ, ಬಿರಿಯಾನಿ 43 ಡಿಗ್ರಿಗೆ. ಹತ್ತು ನಿಮಿಷಕ್ಕೆ ಇಮ್ಮಡಿಸುವ ಪರ್‌ಫ್ರಿಂಜೆನ್ಸ್ ಕೇಳುವ ಹದ ಇದೇ. ಚಳಿಗಾಲದಲ್ಲಿ ಮೊಸರಿಗೆ ಹೆಪ್ಪು ಹಾಕಿ ಪಾತ್ರೆಗೆ ಟವೆಲ್ ಸುತ್ತಿ ಇಡುತ್ತೇವಲ್ಲ, ಬ್ಯಾಗು ಈಗ ಮಾಡುತ್ತಿರುವುದು ಆ ಟವೆಲಿನ ಕೆಲಸ. ಬ್ಯಾಗಿಗೆ ಬಿಸಿ ಮಾಡಲು ಬರುವುದಿಲ್ಲ. ಕೊಟ್ಟ ಬಿಸಿಯನ್ನು ಹಿಡಿದಿಡುತ್ತದೆ, ಅದು ಯಾವ ಬಿಸಿಯಾದರೂ ಸರಿ. ಪಕ್ಕದಲ್ಲೇ ಇನ್ನೊಂದು ಆರ್ಡರಿನ ಐಸ್‌ಕ್ರೀಮ್ ಇದ್ದರೆ ಎರಡಕ್ಕೂ ನಷ್ಟ. ಸವಾರನಿಗೆ ಹೇಳಿಕೊಡಬೇಕಾದ ಭೌತಶಾಸ್ತ್ರ ಇಷ್ಟೇ, ಐದು ನಿಮಿಷದ್ದು. ಡಬ್ಬಿಯ ತಳ ಮುಟ್ಟಿದಾಗ ಉಗುರುಬೆಚ್ಚಗಿದ್ದರೆ ತೆಗೆದುಕೊಳ್ಳಲಾರೆ ಎನ್ನುವ ಹಕ್ಕು ಅವನಿಗೆ ಇದೆಯೇ ಎಂಬುದು ಭೌತಶಾಸ್ತ್ರದ ಪ್ರಶ್ನೆಯಲ್ಲ.

ಬ್ಯಾಗಿನ ಸ್ವಚ್ಛತೆಯ ಮಾತೂ ಇದೆ. ಚೆಲ್ಲಿದ ಸಾಂಬಾರು ಒಳಪದರದ ಹೊಲಿಗೆಯಲ್ಲಿ ಇಂಗಿ, ಮುಚ್ಚಿದ ಬೆಚ್ಚನೆಯ ಕತ್ತಲಲ್ಲಿ ಮರುದಿನಕ್ಕೆ ನಾರುತ್ತದೆ. ಡಬ್ಬಿ ಗಟ್ಟಿಯಾಗಿ ಮುಚ್ಚಿದ್ದರೆ ಅದರಿಂದ ಊಟಕ್ಕೆ ನೇರ ಅಪಾಯ ಕಡಿಮೆ. ಸೋರಿದರೆ, ಕಾಗದದಲ್ಲಿ ಸುತ್ತಿದ ರೋಲೋ ಬನ್ನೋ ಪಕ್ಕದಲ್ಲಿದ್ದರೆ ಹೆಚ್ಚು. ರಾತ್ರಿ ಒದ್ದೆಬಟ್ಟೆಯಲ್ಲಿ ಸೋಪು ಹಾಕಿ ಒರೆಸಿ, ಬಾಯಿ ತೆರೆದು ಒಣಗಲು ಬಿಟ್ಟರೆ ಸಾಕು. ಒಣಗಿಸುವುದು ಒರೆಸುವಷ್ಟೇ ಮುಖ್ಯ, ತೇವವಿಲ್ಲದೆ ಬ್ಯಾಕ್ಟೀರಿಯಾ ಬೆಳೆಯದು. ಅದೇ ಬ್ಯಾಗಿನಲ್ಲಿ ಬೆಳಿಗ್ಗೆ ದಿನಸಿ, ನೆಲ ಒರೆಸುವ ಫಿನಾಯಿಲ್, ಸಂಜೆ ಇಡ್ಲಿ ಹೋಗುವುದು ಇನ್ನೊಂದು ತೊಡಕು. ಆಹಾರವನ್ನೂ ಬೇರೆ ಸಾಮಾನನ್ನೂ ಬೇರೆಬೇರೆಯಾಗಿ ತಲುಪಿಸಿ, ತಲುಪಿಸುವವರಿಗೆ ತರಬೇತಿ ಕೊಡಿ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕಂಪನಿಗಳಿಗೆ ಹೇಳಿದ್ದು 2024ರ ನವೆಂಬರಿನಲ್ಲಿ.

ಕೈಗಳು

2018ರ ಡಿಸೆಂಬರಿನಲ್ಲಿ ಮದುರೈಯ ಒಂದು ವಿಡಿಯೊ ದೇಶವೆಲ್ಲ ಸುತ್ತಿತು. ಜೊಮ್ಯಾಟೊದ ಕೆಂಪು ಟೀಶರ್ಟಿನ ಸವಾರನೊಬ್ಬ ಸ್ಕೂಟರ್ ಮೇಲೆ ಕುಳಿತು ಪಾರ್ಸೆಲ್ ಬಿಚ್ಚಿ, ನಾಲ್ಕು ತುತ್ತು ತಿಂದು, ಮತ್ತೆ ಮುಚ್ಚಿ ಬ್ಯಾಗಿಗಿಡುತ್ತಾನೆ. ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು, ಬಿಚ್ಚಿದರೆ ಗೊತ್ತಾಗುವಂಥ ಟೇಪು ತರುತ್ತೇವೆ ಎಂದಿತು. ಇದು ನಮ್ಮ ದೇಶದ ಹಸಿವಿನ ವಿಶೇಷವೇನೂ ಅಲ್ಲ. ಮರುವರ್ಷ ಅಮೆರಿಕದಲ್ಲಿ ಯುಎಸ್ ಫುಡ್ಸ್ ಎಂಬ ಸಗಟು ಕಂಪನಿ ಮಾಡಿಸಿದ ಸಮೀಕ್ಷೆಯಲ್ಲಿ ಶೇ 28 ಮಂದಿ ಸವಾರರು ತಾವು ಎಂದಾದರೂ ಗ್ರಾಹಕರ ಊಟದಲ್ಲಿ ಕೈಹಾಕಿದ್ದುಂಟು ಎಂದು ಒಪ್ಪಿಕೊಂಡಿದ್ದರು. ಟೇಪು ಒಳ್ಳೆಯ ಉಪಾಯ. ಅಗ್ಗ, ಯಾರನ್ನೂ ಅನುಮಾನಿಸಬೇಕಿಲ್ಲ, ಸವಾರನಿಗೂ ಅದೇ ಸಾಕ್ಷಿ.

ಆದರೆ ಟೇಪು ಹಾಕಿದ ಮೇಲೆ ಸವಾರನ ಕೈಯಿಂದ ಊಟಕ್ಕೆ ಏನು ಹೋಗಬಲ್ಲದು? ಡಬ್ಬಿಯ ಹೊರಗಿನವರೆಗೆ ಮಾತ್ರ. ಹೊರಗಿನಿಂದ ಒಳಕ್ಕೆ ಒಯ್ಯುವುದು ತಿನ್ನುವವರ ಕೈ, ಕವರು ಬಿಚ್ಚಿ ಅದೇ ಬೆರಳನ್ನು ಅನ್ನಕ್ಕೆ ಇಟ್ಟಾಗ. 2020ರ ಏಪ್ರಿಲಿನಲ್ಲಿ ದಕ್ಷಿಣ ದೆಹಲಿಯ ಪಿಜ್ಜಾ ಸವಾರನೊಬ್ಬನಿಗೆ ಕೋವಿಡ್ ದೃಢಪಟ್ಟಾಗ ಅವನು ಊಟ ಕೊಟ್ಟ 72 ಮನೆಗಳನ್ನು ಕ್ವಾರಂಟೈನಿಗೆ ಹಾಕಿದರು. ಆ ದಿನಗಳ ಭಯದಲ್ಲಿ ಅದು ತಪ್ಪೆನ್ನಲಾಗದು. ಆದರೂ ಉಸಿರಿನ ರೋಗ ಊಟದ ಮೂಲಕ ಹರಡಿದ್ದಕ್ಕೆ ಆಮೇಲೆ ಪುರಾವೆ ಸಿಗಲಿಲ್ಲ. ಊಟದಲ್ಲಿ ಕೈಯಿಂದ ಸಾಗುವ ರೋಗಗಳು ಬೇರೆ. ಮೂಗು, ಚರ್ಮದಲ್ಲಿ ಮೂವರಲ್ಲಿ ಒಬ್ಬರಿಗಾದರೂ ಇರುವ ಸ್ಟ್ಯಾಫಿಲೋಕಾಕಸ್, ಕೆಲವೇ ಕೆಲವು ಕಣಗಳಿಂದ ವಾಂತಿಭೇದಿ ತರಬಲ್ಲ ನೊರೊವೈರಸ್, ಟೈಫಾಯ್ಡ್. ಇವು ಮೂರೂ ಹೆಚ್ಚಾಗಿ ಬರುವುದು ಬರಿಗೈಯಲ್ಲಿ ಊಟ ಮುಟ್ಟುವವರಿಂದ: ಹೆಚ್ಚುವವರು, ಕಲೆಸುವವರು, ಡಬ್ಬಿ ತುಂಬುವವರು.

ಇಲ್ಲಿ ಮೇರಿ ಮ್ಯಾಲನ್‌ಳ ಕಥೆಯನ್ನು ಪೂರ್ತಿ ಹೇಳಬೇಕು. ಸಾಮಾನ್ಯವಾಗಿ ಅರ್ಧ ಹೇಳಿ ಬಿಡುತ್ತಾರೆ. ಐರ್ಲೆಂಡಿನಿಂದ ನ್ಯೂಯಾರ್ಕಿಗೆ ವಲಸೆ ಬಂದ ಅಡುಗೆಯವಳು. 1906ರ ಬೇಸಿಗೆಯಲ್ಲಿ ಆಯ್ಸ್ಟರ್ ಬೇ ಎಂಬಲ್ಲಿ ಅವಳು ಅಡುಗೆಗಿದ್ದ ಮನೆಯ 11 ಮಂದಿಯಲ್ಲಿ ಆರು ಮಂದಿಗೆ ಟೈಫಾಯ್ಡ್ ಬಂತು. ಜಾರ್ಜ್ ಸೋಪರ್ ಎಂಬ ಎಂಜಿನಿಯರ್ ಜಾಡು ಹಿಡಿದು ಹೋದರೆ ಅವಳು ಹಿಂದೆ ಕೆಲಸ ಮಾಡಿದ ಮನೆಗಳಲ್ಲೂ ಅದೇ ಜ್ವರ. ಅವಳು ಮಾತ್ರ ಗಟ್ಟಿಮುಟ್ಟಾಗಿದ್ದಳು. ರೋಗವಿಲ್ಲದೆ ರೋಗಾಣುವನ್ನು ಹೊತ್ತು ತಿರುಗುವ ವಾಹಕಿ. 1907ರಲ್ಲಿ ಹಿಡಿದು ದ್ವೀಪವೊಂದರ ಆಸ್ಪತ್ರೆಯಲ್ಲಿಟ್ಟರು. ಇನ್ನು ಅಡುಗೆ ಕೆಲಸ ಮಾಡಕೂಡದು ಎಂಬ ಷರತ್ತಿನ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಅಡುಗೆಗೆ ಸಿಗುತ್ತಿದ್ದ ಸಂಬಳ ಅದರಲ್ಲಿ ಇರಲಿಲ್ಲ. ಅವಳು ಹೆಸರು ಬದಲಿಸಿಕೊಂಡು ಮತ್ತೆ ಒಲೆಯ ಮುಂದೆ ನಿಂತಳು, ಈ ಸಲ ಹೆರಿಗೆ ಆಸ್ಪತ್ರೆಯಲ್ಲಿ. 1915ರಲ್ಲಿ ಅಲ್ಲಿ 25 ಮಂದಿಗೆ ಟೈಫಾಯ್ಡ್ ಬಂದು ಇಬ್ಬರು ಸತ್ತರು. ಮತ್ತೆ ಸಿಕ್ಕಿಬಿದ್ದ ಮೇರಿ 1938ರಲ್ಲಿ ಸಾಯುವವರೆಗೂ ದ್ವೀಪದಲ್ಲೇ ಇದ್ದಳು. ತಾನು ರೋಗ ಹರಡುತ್ತೇನೆಂದು ಅವಳು ಕೊನೆಯವರೆಗೂ ನಂಬಲಿಲ್ಲ, ಅದು ನಿಜ. ಅಡುಗೆ ಬಿಡು ಎಂದವರು ಅದಕ್ಕೆ ಸಮನಾದ ದುಡಿಮೆಯನ್ನು ಅವಳಿಗೆ ಕೊಡಲಿಲ್ಲ, ಅದೂ ನಿಜ.

ವಾಂತಿಭೇದಿ ಇದ್ದವರು ಆಹಾರದ ಕೆಲಸಕ್ಕೆ ಬರಬಾರದು, ನಿಂತ ಮೇಲೂ ಎರಡು ದಿನ ಬಿಟ್ಟು ಬರಬೇಕು ಎಂದು ಆಹಾರ ಸುರಕ್ಷತೆಯ ತರಬೇತಿಗಳಲ್ಲಿ ಹೇಳುತ್ತಾರೆ. ಚಿಕ್ಕಜಾಲದ ಸವಾರನಿಗೆ ಇದು ಗೊತ್ತಿಲ್ಲವೆಂದು ತಿಳಿಯಬೇಡಿ. ಆದರೆ ಅವನಿಗೆ ಸಂಬಳದ ರಜೆಯಿಲ್ಲ. ಆರ್ಡರ್ ಮಾಡಿದ ದಿನ ಹಣ, ಮಾಡದ ದಿನ ಇಲ್ಲ. ವಾರದ ಇನ್ಸೆಂಟಿವ್ ತಪ್ಪಿದರೆ ಆ ವಾರದ ಪೆಟ್ರೋಲು ಮೈಮೇಲೆ. ಗಾಡಿಯ ಕಂತು ಹೊಟ್ಟೆನೋವು ಕೇಳುವುದಿಲ್ಲ.

ಗೊತ್ತಿರುವುದು ಮತ್ತು ನಲ್ಲಿ

ಆಹಾರದ ಕೆಲಸಗಾರರ ಅರಿವನ್ನು ಅಳೆಯಲು ವಿಜ್ಞಾನಿಗಳು ಬಳಸುವ ಒಂದು ಹಳೆಯ ಸಾಧನವಿದೆ: ಏನು ಗೊತ್ತು, ಏನನ್ನಿಸುತ್ತದೆ, ಏನು ಮಾಡುತ್ತೀರಿ ಎಂದು ಮೂರು ಭಾಗದಲ್ಲಿ ಕೇಳುವ ಪ್ರಶ್ನಾವಳಿ. ಜಗತ್ತಿನಾದ್ಯಂತ ಇಂಥ ಸಮೀಕ್ಷೆಗಳಲ್ಲಿ ಮೊದಲ ಭಾಗದಲ್ಲಿ ಬರುವ ಅಂಕ ಎಷ್ಟೋ ವೇಳೆ ಮೂರನೆಯದರಲ್ಲಿ ಬರುವುದಿಲ್ಲ. ಮೂರನೆಯದರಲ್ಲೂ ಜನ ಹೇಳಿಕೊಂಡದ್ದಕ್ಕಿಂತ ಪಕ್ಕದಲ್ಲಿ ನಿಂತು ನೋಡಿದಾಗ ಕಾಣುವುದು ಇನ್ನೂ ಕಡಿಮೆ. ಇದು ಸವಾರರ ದೋಷವಲ್ಲ, ಎಲ್ಲ ಮನುಷ್ಯರದೂ. ಶೌಚದ ನಂತರ ಸೋಪು ಹಾಕಿ ಕೈ ತೊಳೆಯುವವರು ಜಗತ್ತಿನಲ್ಲಿ ಸುಮಾರು ಶೇ 19 ಮಾತ್ರ ಎಂದು 2014ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ನಾನು, ನೀವು ಯಾವ ಗುಂಪಿನಲ್ಲಿದ್ದೇವೆಂದು ನಮಗೇ ಗೊತ್ತು.

ಕೈ ತೊಳೆಯಲು ಅರಿವಿನ ಜೊತೆ ನಲ್ಲಿ ಬೇಕು, ಸೋಪು ಬೇಕು, ಗಾಡಿ ನಿಲ್ಲಿಸಲು ಜಾಗ ಬೇಕು. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಹನ್ನೊಂದರವರೆಗೆ ಬಳ್ಳಾರಿ ರಸ್ತೆಯಲ್ಲೇ ಓಡಾಡುವವನಿಗೆ ಇವು ಮೂರೂ ಒಟ್ಟಿಗೆ ಎಲ್ಲಿ ಸಿಗುತ್ತವೆ? ಹೋಟೆಲಿನ ಶೌಚಾಲಯ ಒಳಗೆ ಕುಳಿತು ತಿನ್ನುವವರಿಗೆ. ಅಪಾರ್ಟ್‌ಮೆಂಟಿನ ಲಿಫ್ಟಿಗೂ ಅವನಿಗೆ ಬೇರೆ ನಿಯಮ. ಉಳಿದದ್ದು ಪೆಟ್ರೋಲ್ ಬಂಕು. ಅಲ್ಲಿ ಸೋಪು ಇದ್ದರೆ ಅದೃಷ್ಟ. ಕಂಪನಿಗಳು ಕೋವಿಡ್ ಕಾಲದಿಂದ ಹೇಳುತ್ತ ಬಂದಿರುವ ಸ್ಯಾನಿಟೈಸರ್ ಸ್ಟ್ಯಾಫಿಲೋಕಾಕಸ್‌ಗೆ ಸರಿ. ನೊರೊವೈರಸ್‌ಗೆ ಅದು ಅಷ್ಟಾಗಿ ನಾಟದು. ಕೊಬ್ಬಿನ ಹೊದಿಕೆಯಿಲ್ಲದ ಆ ವೈರಸ್ಸನ್ನು ಆಲ್ಕೊಹಾಲ್ ಕರಗಿಸುವುದು ಕಷ್ಟ; ಸೋಪು ಹಚ್ಚಿ ಉಜ್ಜಿ ನೀರಿನಲ್ಲಿ ಕೊಚ್ಚಿ ಕಳಿಸುವುದೇ ದಾರಿ.

ಕಾನೂನು ಈ ಹುಡುಗರನ್ನು ಮರೆತಿಲ್ಲ, ಆದರೆ ನೋಡುವ ರೀತಿ ವಿಚಿತ್ರ. ಕೊನೆಯ ಮೈಲಿಯ ಆಹಾರವನ್ನು ತರಬೇತಿ ಪಡೆದವರೇ ತಲುಪಿಸಬೇಕು, ಅವರು ಕಂಪನಿಯ ನೌಕರರೇ ಆಗಿರಬೇಕಿಲ್ಲ ಎಂದು ಎಫ್‌ಎಸ್‌ಎಸ್‌ಎಐ 2017ರ ಮಾರ್ಗಸೂಚಿಯಲ್ಲೇ ಬರೆಯಿತು. ಜವಾಬ್ದಾರಿಗೆ ಬಾಗಿಲು ತೆರೆದು ನೌಕರಿಗೆ ಮುಚ್ಚಿದ ವಾಕ್ಯ ಅದು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿತು. ಸವಾರನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕೆಂಬುದು ಅದರ ಮುಖ್ಯ ಅಂಶ. ಆ ಹಣದಲ್ಲಿ ಮೊದಲು ಏನಾಗಬೇಕೆಂದು ನನ್ನನ್ನು ಕೇಳಿದರೆ ಕೋಗಿಲು ಕ್ರಾಸಿನಿಂದ ಸಾದಹಳ್ಳಿಯವರೆಗೆ ಎರಡು ಕಡೆ ನಲ್ಲಿ, ಸೋಪು, ಶೌಚಾಲಯ, ಕೂರಲು ಬೆಂಚು ಎನ್ನುತ್ತೇನೆ. ಚೆನ್ನೈ ಪಾಲಿಕೆ 2025ರಲ್ಲಿ ಅಣ್ಣಾನಗರದಲ್ಲಿ ಇಂಥ ಸವಾರರಿಗಾಗಿಯೇ ಹವಾನಿಯಂತ್ರಿತ ವಿಶ್ರಾಂತಿ ಕೊಠಡಿ ತೆರೆದಿದೆ. ನಮಗೆ ಎ.ಸಿ. ಕೂಡ ಬೇಡ, ಏಪ್ರಿಲ್ ಮಧ್ಯಾಹ್ನಗಳನ್ನು ಬಿಟ್ಟರೆ ಊರೇ ತಂಪಾಗಿದೆ.

ಇದೇ ರಸ್ತೆಯಲ್ಲಿ ಸರಕಾರ ಮಾಂಸದ ಚೂರಿನ ಬಗ್ಗೆ ಎಷ್ಟು ಎಚ್ಚರ ವಹಿಸಬಲ್ಲದು ಎಂಬುದಕ್ಕೆ ಒಂದು ಉದಾಹರಣೆಯಿದೆ. ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಮುಂಚೆ ಯಲಹಂಕ ವಾಯುನೆಲೆಯ ಸುತ್ತ ಮಾಂಸದಂಗಡಿ, ಮಾಂಸಾಹಾರಿ ಹೋಟೆಲು ಎಲ್ಲ ಬಂದ್. 2025ರಲ್ಲಿ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ. ನಮ್ಮ ಬಿರಿಯಾನಿ ಆ ವಾರಗಳಲ್ಲಿ ಹೊರಡುವಂತೆಯೇ ಇಲ್ಲ. ಕಾರಣ ವೈಜ್ಞಾನಿಕವೇ: ಬಿಸಾಡಿದ ಮೂಳೆ-ಮಾಂಸಕ್ಕೆ ಹದ್ದುಗಳು ಬರುತ್ತವೆ, ಹದ್ದು ಎಂಜಿನ್ನಿಗೆ ಸಿಕ್ಕರೆ ವಿಮಾನ ಬೀಳಬಹುದು. ಇಷ್ಟು ಅಚ್ಚುಕಟ್ಟಾಗಿ ಅಡುಗೆಮನೆಗಳ ಪಟ್ಟಿ ಮಾಡಬಲ್ಲ ಆಡಳಿತಕ್ಕೆ ಅವೇ ಅಡುಗೆಮನೆಗಳ ಹಂಡೆಗೆ ಥರ್ಮಾಮೀಟರ್ ಇಳಿಸುವುದು ಅಸಾಧ್ಯವಾಗಿರಲಾರದು.

ಅಡುಗೆಮನೆಯನ್ನು ದಿನವೂ ನೋಡುವ ಹೊರಗಿನವರು ಈ ಸವಾರರೇ. ಗ್ರಾಹಕನಿಗೆ ಕಾಣುವುದು ಫೋನಿನ ಮೇಲಿನ ಚಿತ್ರ ಮತ್ತು ನಕ್ಷತ್ರ; ಇನ್ಸ್‌ಪೆಕ್ಟರ್ ಬರುವುದು ಯಾವಾಗಲೋ ಒಮ್ಮೆ. ಸವಾರ ಹಿಂಬಾಗಿಲಲ್ಲಿ ಇಪ್ಪತ್ತು ನಿಮಿಷ ನಿಂತು ಎಲ್ಲವನ್ನೂ ನೋಡುತ್ತಾನೆ: ಅನ್ನದ ಟಬ್ಬಿಗೆ ಮುಚ್ಚಳವಿದೆಯೋ ಇಲ್ಲವೋ, ಚರಂಡಿ ಎಲ್ಲಿದೆ, ಹಸಿ ಕೋಳಿ ಕೊಚ್ಚಿದ ಹಲಗೆಯ ಮೇಲೇ ಈರುಳ್ಳಿ ಹೆಚ್ಚುತ್ತಿದ್ದಾರೋ. ಎಲ್ಲವೂ ಕಣ್ಣಿಗೆ ಕಾಣುವುದಿಲ್ಲ ಎಂಬುದೂ ಸರಿ. 2024ರ ಮಾರ್ಚಿನಲ್ಲಿ ರಾಜ್ಯ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು; ಅದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು. ಕಾಣುವುದನ್ನು ಹೇಳಲಾದರೂ ಆ್ಯಪಿನಲ್ಲಿ ಅವನಿಗೊಂದು ಗುಂಡಿ ಬೇಡವೇ? ಗ್ರಾಹಕ ಸವಾರನಿಗೆ ರೇಟಿಂಗ್ ಕೊಡುತ್ತಾನೆ, ಹೋಟೆಲಿಗೆ ಕೊಡುತ್ತಾನೆ. ಹೋಟೆಲಿನ ಸ್ವಚ್ಛತೆಗೆ ಸವಾರ ಗುಟ್ಟಾಗಿ ಕೊಡುವ ರೇಟಿಂಗು ಸುರಕ್ಷತಾ ಅಧಿಕಾರಿಯ ಮೇಜಿಗೆ ಹೋಗುವಂತಿದ್ದರೆ ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂದು ಅವರಿಗೆ ತಿಳಿಯುತ್ತಿತ್ತು. ಖರ್ಚು ಹೆಚ್ಚಿಲ್ಲ. ಹೋಟೆಲುಗಳಿಗೆ ಮುಜುಗರ ಹೆಚ್ಚು, ಅದಕ್ಕೇ ಇನ್ನೂ ಬಂದಿಲ್ಲ ಎಂಬುದು ನನ್ನ ಗುಮಾನಿ. ಅಲ್ಲಿಯವರೆಗೆ ಗ್ರಾಹಕ ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ ಎಂದು ನೋಡಬಹುದು; 2022ರ ಜನವರಿಯಿಂದ ಅದನ್ನು ಮುದ್ರಿಸುವುದು ಕಡ್ಡಾಯ.

ಬಿರಿಯಾನಿ ಈಗ ಚಿಕ್ಕಜಾಲದ ಪಿ.ಜಿ. ಕೋಣೆ ಸೇರಿದೆ. ಅರ್ಧ ತಿಂದು ಅರ್ಧ ಬೆಳಿಗ್ಗೆಗೆ ಅಂತ ಟೇಬಲ್ಲಿನ ಮೇಲೆ ಬಿಟ್ಟರೆ ಇಡೀ ಪ್ರಯಾಣದ ಅತಿ ಉದ್ದದ, ಅತಿ ಅಪಾಯದ ಭಾಗ ಅಲ್ಲಿಂದ ಶುರು. ಫ್ರಿಜ್ ಇದ್ದರೆ ಎರಡು ಗಂಟೆಯೊಳಗೆ, ತೆಳುವಾಗಿ ಹರವಿ ಇಡಬೇಕು. ಇಲ್ಲದಿದ್ದರೆ ಗೆಳೆಯನನ್ನು ಕರೆದು ಮುಗಿಸಬೇಕು.

ಸವಾರನ ಗಾಡಿಯಲ್ಲಿ ಇನ್ನೂ ಒಂದು ಡಬ್ಬಿ ಇರುವುದುಂಟು, ಅವನದೇ ಊಟ. ಬೆಳಿಗ್ಗೆ ಹತ್ತಕ್ಕೆ ಕಟ್ಟಿ, ಹುಕ್ಕಿಗೆ ನೇತುಹಾಕಿ, ಬಿಸಿಲಲ್ಲಿ ಅಲೆದು, ಸಂಜೆ ನಾಲ್ಕಕ್ಕೋ ಐದಕ್ಕೋ ಬಿಚ್ಚುವಂಥದ್ದು. ಅದನ್ನು ಎರಡು ಗಂಟೆಯ ನಿಯಮದಲ್ಲಿ ಅಳೆದರೆ ಅವನು ದಿನವಿಡೀ ಸಾಗಿಸಿದ ಯಾವ ಪಾರ್ಸೆಲ್ಲಿಗಿಂತಲೂ ಇದೇ ಹೆಚ್ಚು ಅಪಾಯದ್ದು. ಒಳಗಿರುವುದು ಅನ್ನ-ಸಾಂಬಾರು, ಪಲ್ಯ, ಮೊಟ್ಟೆ ಎಂದಾದರೆ. ಕಲಬುರಗಿ, ರಾಯಚೂರಿನ ಕಡೆಯಿಂದ ಬಂದವನು ಒಣ ಜೋಳದ ರೊಟ್ಟಿಯನ್ನೂ ಶೇಂಗಾ ಚಟ್ನಿಪುಡಿಯನ್ನೂ ತಂದಿದ್ದರೆ ಮಾತೇ ಬೇರೆ. ಅವುಗಳಲ್ಲಿ ಬ್ಯಾಕ್ಟೀರಿಯಾಕ್ಕೆ ಕುಡಿಯಲು ನೀರೇ ಸಿಗುವುದಿಲ್ಲ. ಚೆನ್ನಾಗಿ ಹುಳಿ ಹಿಡಿದ ಪುಳಿಯೋಗರೆ, ಹುಳಿ ಮೊಸರಿನಲ್ಲಿ ಕಲೆಸಿದ ಮೊಸರನ್ನ ಕೂಡ ಪರವಾಗಿಲ್ಲ. ಆಮ್ಲತೆ ಅಳೆಯುವ ಪಿಎಚ್ ಸುಮಾರು 4.5ರ ಕೆಳಗಿಳಿದರೆ ಬ್ಯಾಸಿಲಸ್ ಸೀರಿಯಸ್ ತಲೆಯೆತ್ತುವುದು ಕಷ್ಟ. ದೂರ ಹೋಗುವವರಿಗೆ ನಮ್ಮ ಅಜ್ಜಿಯರು ಕಟ್ಟಿಕೊಡುತ್ತಿದ್ದದ್ದು ಹೆಚ್ಚಾಗಿ ಇವನ್ನೇ. ನಿಂಬೆಹಣ್ಣು ಎರಡೇ ಹನಿ ಹಿಂಡಿದ ಚಿತ್ರಾನ್ನವನ್ನು ಮಾತ್ರ ಈ ಸಾಲಿಗೆ ಸೇರಿಸುವ ಧೈರ್ಯ ನನಗಿಲ್ಲ. ಹುಳಿ ನಾಲಿಗೆಗೆ ಚೆನ್ನಾಗಿ ತಾಗುವಷ್ಟಿರಬೇಕು, ಇಲ್ಲದಿದ್ದರೆ ಅದನ್ನು ಮಧ್ಯಾಹ್ನದೊಳಗೆ ತಿಂದು ಮುಗಿಸಬೇಕು.